ಎಲ್ಲ ಆಪ್‌ಗೂ ಇಂಟರ್ನೆಟ್ ಯಾಕೆ? ಒಂದೊಂದೇ ಆಪ್‌ನ ನೆಟ್ ಬಂದ್ ಮಾಡುವ ಸಮಗ್ರ ಮಾರ್ಗದರ್ಶಿ

ಕ್ಯಾಮೆರಾ ಬೇಕಾದರೆ ಆಪ್ ನಿಮ್ಮನ್ನು ಕೇಳುತ್ತದೆ. ಮೈಕ್ ಬೇಕಾದರೂ ಕೇಳುತ್ತದೆ. ಲೊಕೇಶನ್, ಕಾಂಟ್ಯಾಕ್ಟ್ಸ್ ಎಲ್ಲದಕ್ಕೂ ಒಂದು ಪ್ರಶ್ನೆ ಬರುತ್ತದೆ. ಇಂಟರ್ನೆಟ್‌ಗೆ ಮಾತ್ರ ಯಾರೂ ಕೇಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಇಂಟರ್ನೆಟ್ ಅನುಮತಿಯನ್ನು 'ಸಾಮಾನ್ಯ' ಅನುಮತಿಗಳ ಸಾಲಿಗೆ ಸೇರಿಸಿದ್ದಾರೆ. ಆಪ್ ಇನ್‌ಸ್ಟಾಲ್ ಆದ ಕೂಡಲೇ ಅದು ತಾನಾಗಿಯೇ ಸಿಕ್ಕಿಬಿಡುತ್ತದೆ. ವಾಪಸ್ ಪಡೆಯೋಣ ಅಂದರೆ ಗೂಗಲ್‌ನ ಮೂಲ ಆಂಡ್ರಾಯ್ಡ್‌ನಲ್ಲಿ ಅದಕ್ಕೊಂದು ಸ್ವಿಚ್ ಕೂಡ ಇಲ್ಲ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಎರಡು ಹಳೇ ಪ್ರಕರಣ ಸಾಕು. ಅಮೆರಿಕದಲ್ಲಿ 'ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್' ಅನ್ನುವ ಟಾರ್ಚ್ ಆಪ್ ಇತ್ತು. ಅದು ಬಳಸುವವರ ಲೊಕೇಶನ್ ಮತ್ತು ಫೋನಿನ ಗುರುತಿನ ಸಂಖ್ಯೆಯನ್ನು ಜಾಹೀರಾತು ಕಂಪನಿಗಳಿಗೆ ಕಳಿಸುತ್ತಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಕ್ರಮ ಕೈಗೊಂಡಿತು. ದೀಪ ಹಚ್ಚುವ ಆಪ್‌ಗೆ ನೆಟ್ ಯಾಕೆ ಬೇಕು? 2017ರದ್ದು ಇನ್ನೂ ಗಂಭೀರ. 'ಎಐ.ಟೈಪ್' ಅನ್ನುವ ಕೀಬೋರ್ಡ್ ಆಪ್‌ನ ಸುಮಾರು 3.1 ಕೋಟಿ ಬಳಕೆದಾರರ ಮಾಹಿತಿ ಪಾಸ್‌ವರ್ಡ್ ಕೂಡ ಇಲ್ಲದ ಸರ್ವರ್‌ನಲ್ಲಿ ಬಟಾಬಯಲಾಗಿ ಬಿದ್ದಿತ್ತು. ಆ ಆಪ್‌ಗಳಿಗೆ ನೆಟ್ ಸಿಗದೇ ಹೋಗಿದ್ದರೆ ಆ ಮಾಹಿತಿ ಫೋನ್ ಬಿಟ್ಟು ಆಚೆ ಹೋಗುತ್ತಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ನೆಟ್ ಇಲ್ಲದೆ ಕೆಲಸ ಮಾಡಬಲ್ಲ ಆಪ್‌ಗೆ ನೆಟ್ ಕೊಡಬಾರದು. ಡೇಟಾ ಉಳಿಯುತ್ತದೆ, ಬ್ಯಾಟರಿ ಉಳಿಯುತ್ತದೆ, ಜಾಹೀರಾತಿನ ಕಾಟ ತಪ್ಪುತ್ತದೆ. ಇವೆಲ್ಲಕ್ಕಿಂತ ದೊಡ್ಡದು, ನಿಮ್ಮ ಮಾಹಿತಿ ನಿಮ್ಮ ಫೋನಿನಲ್ಲೇ ಉಳಿಯುತ್ತದೆ.

ಮೊದಲು ಪಟ್ಟಿ ಮಾಡಿ

ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಫೋನಿನಲ್ಲಿರುವ ಆಪ್‌ಗಳನ್ನು ಒಮ್ಮೆ ನೋಡುತ್ತಾ ಹೋಗಿ. ಪ್ರತಿ ಆಪ್‌ಗೂ ಒಂದೇ ಪ್ರಶ್ನೆ: ಇದರ ಕೆಲಸ ಫೋನಿನ ಒಳಗೇ ಮುಗಿಯುತ್ತದಾ?

ಟಾರ್ಚ್, ಕ್ಯಾಲ್ಕ್ಯುಲೇಟರ್, ಗ್ಯಾಲರಿ, ಫೈಲ್ ಮ್ಯಾನೇಜರ್, ವಾಯ್ಸ್ ರೆಕಾರ್ಡರ್, ಡಾಕ್ಯುಮೆಂಟ್ ಸ್ಕ್ಯಾನರ್, ಪಿಡಿಎಫ್ ಓದುವ ಆಪ್, ಕಂಪ್ಯೂಟರ್ ಜೊತೆ ಆಡುವ ಚೆಸ್, ಲೂಡೋ. ಇವಕ್ಕೆ ನೆಟ್ ಬೇಕಿಲ್ಲ. ಪಂಚಾಂಗದ ಆಪ್‌ಗಳನ್ನೇ ತಗೊಳ್ಳಿ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಲೆಕ್ಕದಿಂದ ಬರುವಂಥವು. ಅನೇಕ ಆಪ್‌ಗಳಲ್ಲಿ ಇಡೀ ವರ್ಷದ ಮಾಹಿತಿ ಒಳಗೇ ತುಂಬಿರುತ್ತದೆ. ಆದರೂ ಅಮಾವಾಸ್ಯೆ ಯಾವತ್ತು ಅಂತ ನೋಡಲು ಹೋದರೆ ಮೊದಲು ಇಡೀ ಪರದೆ ತುಂಬುವ ಜಾಹೀರಾತು. ವಯಸ್ಸಾದವರಿಗೆ ಅದನ್ನು ಮುಚ್ಚುವ ಚಿಕ್ಕ ಗುಣಾಕಾರದ ಗುರುತು ಕಾಣುವುದೇ ಇಲ್ಲ. ಎಲ್ಲೋ ಒತ್ತುತ್ತಾರೆ, ಇನ್ನೇನೋ ಇನ್‌ಸ್ಟಾಲ್ ಆಗಿರುತ್ತದೆ.

ಕೀಬೋರ್ಡ್‌ಗೆ ಮಾತ್ರ ವಿಶೇಷ ಗಮನ ಕೊಡಿ. ನಾವು ಕನ್ನಡದಲ್ಲಿ ಟೈಪ್ ಮಾಡುವವರು ಅನೇಕರು ಫೋನಿನ ಜೊತೆ ಬಂದ ಕೀಬೋರ್ಡ್ ಬಿಟ್ಟು ಬೇರೊಂದನ್ನು ಹಾಕಿಕೊಂಡಿರುತ್ತೇವೆ. ನೀವು ಬರೆಯುವ ಒಂದೊಂದು ಅಕ್ಷರವೂ ಅದರ ಮೂಲಕವೇ ಹೋಗುತ್ತದೆ. ಯಾರು ಮಾಡಿದ್ದು ಅಂತ ಗೊತ್ತಿಲ್ಲದ ಕೀಬೋರ್ಡ್ ಆಗಿದ್ದರೆ ಪಟ್ಟಿಯಲ್ಲಿ ಅದೇ ಮೊದಲು ಬರಲಿ. ಆದರೆ ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಬಹಳಷ್ಟು ಕಡೆ ನೆಟ್ ಮೇಲೆ ನಡೆಯುತ್ತದೆ. ಅದನ್ನು ಬಳಸುವವರು ಯೋಚಿಸಿ ಬ್ಲಾಕ್ ಮಾಡಿ.

ಡೇಟಾ ಎಲ್ಲಿ ಹೋಗುತ್ತಿದೆ ನೋಡಿ

ನಿಮ್ಮ ಚಿಂತೆ ಮುಖ್ಯವಾಗಿ ಡೇಟಾ ಖಾಲಿಯಾಗುವುದರ ಬಗ್ಗೆಯಾದರೆ ಲೆಕ್ಕ ನೋಡದೆ ಬ್ಲಾಕ್ ಮಾಡಬೇಡಿ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕು ಜಾಗದಲ್ಲಿ 'ಡೇಟಾ ಯೂಸೇಜ್' ಅಂತ ಹಾಕಿ. ಯಾವ ಆಪ್ ಎಷ್ಟು ತಿಂದಿದೆ ಅನ್ನುವ ಪಟ್ಟಿ ಬರುತ್ತದೆ. ಒಂದು ಆಪ್ ಒತ್ತಿದರೆ ಮುಂದೆ ಇದ್ದಾಗ ಎಷ್ಟು, ಹಿನ್ನೆಲೆಯಲ್ಲಿ ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ.

ಅಲ್ಲಿ ವಾಟ್ಸಾಪ್ ಮೇಲಿದ್ದರೆ ಅದನ್ನು ಬ್ಲಾಕ್ ಮಾಡುವುದು ಪರಿಹಾರ ಅಲ್ಲ. ವಾಟ್ಸಾಪ್ ಸೆಟ್ಟಿಂಗ್ಸ್ → ಸ್ಟೋರೇಜ್ ಆ್ಯಂಡ್ ಡೇಟಾ ಒಳಗೆ ಮೊಬೈಲ್ ಡೇಟಾದಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಪ್ಲೇ ಸ್ಟೋರ್ ಮೇಲಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರಿಫರೆನ್ಸಸ್‌ಗೆ ಹೋಗಿ ಆಪ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ ಆಗುವಂತೆ ಇಡಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಸಂಜೆಗೇ ಮುಗಿಯುವ ಎಷ್ಟೋ ಮನೆಗಳಲ್ಲಿ ಇವೆರಡೇ ಸಾಕಾಗುತ್ತವೆ.

ಅರ್ಧ ಬಾಗಿಲು: ಬ್ಯಾಕ್‌ಗ್ರೌಂಡ್ ಡೇಟಾ

ಇದು ಬಹುತೇಕ ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಆಪ್‌ನ ಐಕಾನ್ ಮೇಲೆ ಬೆರಳಿಟ್ಟು ಹಿಡಿಯಿರಿ, 'ಆಪ್ ಇನ್ಫೋ' ಒತ್ತಿ. ಒಳಗೆ 'ಮೊಬೈಲ್ ಡೇಟಾ' ಅಥವಾ 'ಮೊಬೈಲ್ ಡೇಟಾ ಆ್ಯಂಡ್ ವೈಫೈ' ಅಂತ ಇರುತ್ತದೆ. ಅಲ್ಲಿ ಬ್ಯಾಕ್‌ಗ್ರೌಂಡ್ ಡೇಟಾದ ಸ್ವಿಚ್ ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು 'ಅಲೌ ಬ್ಯಾಕ್‌ಗ್ರೌಂಡ್ ಡೇಟಾ ಯೂಸೇಜ್'.

ಇದರ ಮಿತಿ ತಿಳಿದಿರಲಿ. ಆಪ್ ತೆರೆದಾಗ ನೆಟ್ ಸಿಕ್ಕೇ ಸಿಗುತ್ತದೆ. ವೈಫೈನಲ್ಲಿದ್ದಾಗ ಹಿನ್ನೆಲೆಯಲ್ಲೂ ಸಿಗುತ್ತದೆ. ಅಂದರೆ ಡೇಟಾ ಉಳಿಸಲು ಇದು ಒಳ್ಳೆಯದು. ಮಾಹಿತಿ ಹೊರಗೆ ಹೋಗದಂತೆ ತಡೆಯಲು ಇದರಿಂದ ಆಗದು. ಆಂಡ್ರಾಯ್ಡ್ 7ರಿಂದ ಬಂದ 'ಡೇಟಾ ಸೇವರ್' ಇದೇ ಕೆಲಸವನ್ನು ಎಲ್ಲ ಆಪ್‌ಗಳಿಗೂ ಒಟ್ಟಿಗೆ ಮಾಡುತ್ತದೆ. ಬೇಕಾದವನ್ನು ಅದರೊಳಗಿನ ವಿನಾಯಿತಿ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಫೋನಿನಲ್ಲೇ ಪೂರ್ತಿ ಬೀಗ ಇದೆಯಾ ನೋಡಿ

ಕೆಲವು ಕಂಪನಿಗಳು ತಮ್ಮ ಫೋನಿನಲ್ಲಿ ಪೂರ್ತಿ ಬಂದ್ ಮಾಡುವ ಸೌಲಭ್ಯ ಕೊಟ್ಟಿವೆ. ಹೊಸ ಆಪ್ ಹಾಕುವ ಮೊದಲು ಇದನ್ನು ನೋಡಿಕೊಳ್ಳಿ.

ಶಿಯೋಮಿ, ರೆಡ್ಮಿ, ಪೋಕೋ: ಆಪ್ ಇನ್ಫೋ ಒಳಗೆ 'ರಿಸ್ಟ್ರಿಕ್ಟ್ ಡೇಟಾ ಯೂಸೇಜ್' ಇರುತ್ತದೆ. ಒತ್ತಿದರೆ ವೈಫೈ ಮತ್ತು ಸಿಮ್‌ಗಳ ಹೆಸರು ಟಿಕ್ ಗುರುತಿನ ಜೊತೆ ಬರುತ್ತವೆ. ಟಿಕ್ ತೆಗೆದರೆ ಅಲ್ಲಿಗೆ ನೆಟ್ ಬಂದ್.

ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್: ಆಪ್ ಇನ್ಫೋ → ಡೇಟಾ ಯೂಸೇಜ್. ಒಳಗೆ ಮೊಬೈಲ್ ಡೇಟಾ ಮತ್ತು ವೈಫೈ ನಿಲ್ಲಿಸಲು ಬೇರೆ ಬೇರೆ ಸ್ವಿಚ್‌ಗಳಿವೆ.

ವಿವೋ, ಐಕ್ಯೂ: 'ಐ ಮ್ಯಾನೇಜರ್' ಆಪ್ ತೆರೆದು ಡೇಟಾದ ವಿಭಾಗಕ್ಕೆ ಹೋಗಿ. ಅಲ್ಲಿ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪಟ್ಟಿಯಲ್ಲಿ ಒಂದೊಂದು ಆಪ್‌ನ ಮುಂದೆ ಆಯ್ಕೆ ಸಿಗುತ್ತದೆ.

ಮಾಡೆಲ್ ಮತ್ತು ಆವೃತ್ತಿ ಬದಲಾದಂತೆ ಈ ಹೆಸರುಗಳು ಒಂಚೂರು ಆಚೀಚೆ ಆಗುತ್ತವೆ. ಕೆಲವು ಫೋನುಗಳಲ್ಲಿ ವೈಫೈ ನಿಲ್ಲಿಸುವ ಆಯ್ಕೆ ಕಾಣುವುದಿಲ್ಲ. ನಮ್ಮಲ್ಲಿ ಸಿಗುವ ಪಿಕ್ಸೆಲ್, ಮೊಟೊರೊಲಾ, ಸ್ಯಾಮ್‌ಸಂಗ್ ಫೋನುಗಳಲ್ಲಿ ಸಾಮಾನ್ಯವಾಗಿ ಈ ಪೂರ್ತಿ ಬೀಗ ಇರುವುದಿಲ್ಲ. ಅವರೆಲ್ಲರಿಗೂ ಮುಂದಿನ ದಾರಿ.

ಫೈರ್‌ವಾಲ್ ಆಪ್: ನೆಟ್‌ಗಾರ್ಡ್ ಹಂತ ಹಂತವಾಗಿ

ಯಾವ ಆಪ್‌ಗೆ ನೆಟ್ ಬಿಡಬೇಕು, ಯಾವುದಕ್ಕೆ ಬಿಡಬಾರದು ಅಂತ ಕಾಯುವ ಆಪ್‌ಗೆ ಫೈರ್‌ವಾಲ್ ಅನ್ನುತ್ತಾರೆ. ಮೊದಲೆಲ್ಲ ಅದು ಬೇಕೆಂದರೆ ಫೋನ್ ರೂಟ್ ಮಾಡಬೇಕಿತ್ತು, ಅಂದರೆ ಕಂಪನಿ ಹಾಕಿದ ನಿರ್ಬಂಧ ಮುರಿದು ಸಿಸ್ಟಂನ ಪೂರ್ತಿ ಹಿಡಿತ ಪಡೆಯಬೇಕಿತ್ತು. ಈಗ ಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿರುವ ವಿಪಿಎನ್ ವ್ಯವಸ್ಥೆಯನ್ನೇ ಇವು ಬೇರೆ ರೀತಿಯಲ್ಲಿ ಬಳಸುತ್ತವೆ. ಸಾಮಾನ್ಯ ವಿಪಿಎನ್ ನಿಮ್ಮ ಡೇಟಾವನ್ನು ದೂರದ ಸರ್ವರ್‌ಗೆ ಕಳಿಸುತ್ತದೆ. ಇಲ್ಲಿ ಆ ಸರ್ವರ್ರೇ ಇಲ್ಲ. ನೀವು ಬ್ಲಾಕ್ ಮಾಡಿದ ಆಪ್‌ನ ಡೇಟಾ ಫೈರ್‌ವಾಲ್ ತನಕ ಬಂದು, ಮುಂದೆ ದಾರಿಯಿಲ್ಲದ ಓಣಿಗೆ ನುಗ್ಗಿದ ಹಾಗೆ ಅಲ್ಲೇ ನಿಂತುಬಿಡುತ್ತದೆ. ಎಲ್ಲವೂ ಫೋನಿನ ಒಳಗೇ ನಡೆಯುತ್ತದೆ.

ಆದರೆ ಯಾವ ಫೈರ್‌ವಾಲ್ ಹಾಕುತ್ತೀರಿ ಅನ್ನುವುದು ಬಹಳ ಮುಖ್ಯ. ಇಡೀ ಫೋನಿನ ಡೇಟಾ ನೋಡಬಲ್ಲ ಜಾಗದಲ್ಲಿ ಅದನ್ನು ಕೂರಿಸುತ್ತಿದ್ದೀರಿ. ಫೇಸ್‌ಬುಕ್ 2013ರಲ್ಲಿ ಕೊಂಡ 'ಒನಾವೋ' ಕಂಪನಿಯ ವಿಪಿಎನ್ ಆಪ್, ಜನ ಯಾವ ಯಾವ ಆಪ್ ಬಳಸುತ್ತಾರೆ ಅನ್ನುವ ಮಾಹಿತಿಯನ್ನು ಫೇಸ್‌ಬುಕ್‌ಗೆ ಕೊಡುತ್ತಿತ್ತು. ಆಪಲ್‌ನ ಆಕ್ಷೇಪದ ನಂತರ 2018ರಲ್ಲಿ ಆಪ್ ಸ್ಟೋರ್‌ನಿಂದ ಅದನ್ನು ತೆಗೆಯಬೇಕಾಯಿತು. ಹಾಗಾಗಿ ಸಿಕ್ಕ ಸಿಕ್ಕ 'ಫ್ರೀ ಫೈರ್‌ವಾಲ್' ಹಾಕಬೇಡಿ. ಮೂಲ ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟಿರುವ ಓಪನ್ ಸೋರ್ಸ್ ಆಪ್‌ಗಳನ್ನೇ ಆರಿಸಿ. ನೆಟ್‌ಗಾರ್ಡ್ ಅಂಥದ್ದು. ಇದರ ಡೆವಲಪರ್ ಮಾರ್ಸೆಲ್ ಬೊಕ್‌ಹೊರ್ಸ್ಟ್.

1. ನೆಟ್‌ಗಾರ್ಡ್ ಇನ್‌ಸ್ಟಾಲ್ ಮಾಡಿ ತೆರೆಯಿರಿ. ಷರತ್ತುಗಳನ್ನು ಓದಿ ಒಪ್ಪಿಕೊಳ್ಳಿ. ಆಪ್‌ಗಳ ಉದ್ದ ಪಟ್ಟಿ ಬರುತ್ತದೆ.

2. ಮೇಲಿನ ಮುಖ್ಯ ಸ್ವಿಚ್ ಆನ್ ಮಾಡಿ. ವಿಪಿಎನ್ ಸಂಪರ್ಕಕ್ಕೆ ಒಪ್ಪಿಗೆಯೇ ಎಂದು ಆಂಡ್ರಾಯ್ಡ್ ಕೇಳುತ್ತದೆ. ಓಕೆ ಒತ್ತಿ. ಪರದೆಯ ಮೇಲ್ತುದಿಯಲ್ಲಿ ಚಿಕ್ಕ ಕೀಲಿಕೈ ಗುರುತು ಬಂದರೆ ಫೈರ್‌ವಾಲ್ ಚಾಲೂ ಆಗಿದೆ ಎಂದರ್ಥ.

3. ಪ್ರತಿ ಆಪ್‌ನ ಮುಂದೆ ಎರಡು ಗುರುತು ಇವೆ. ಒಂದು ವೈಫೈ, ಇನ್ನೊಂದು ಮೊಬೈಲ್ ಡೇಟಾ. ಒಮ್ಮೆ ಮುಟ್ಟಿದರೆ ಬಣ್ಣ ಬದಲಾಗಿ ಆ ದಾರಿ ಬಂದ್ ಆಗುತ್ತದೆ. ಇನ್ನೊಮ್ಮೆ ಮುಟ್ಟಿದರೆ ತೆರೆಯುತ್ತದೆ. ನಿಮ್ಮ ಪಟ್ಟಿಯ ಆಪ್‌ಗಳಿಗೆ ಎರಡನ್ನೂ ಬಂದ್ ಮಾಡಿ. ಮನೆಯ ವೈಫೈನಲ್ಲಿ ಮಾತ್ರ ನೆಟ್ ಇರಲಿ ಅನ್ನಿಸುವ ಆಪ್‌ಗಳಿಗೆ ಮೊಬೈಲ್ ಡೇಟಾ ಒಂದನ್ನೇ ಬಂದ್ ಮಾಡಿದರೆ ಸಾಕು.

4. ಆಪ್ ಹೆಸರಿನ ಪಕ್ಕದ ಬಾಣ ಒತ್ತಿದರೆ ಇನ್ನಷ್ಟು ಆಯ್ಕೆ ಬರುತ್ತವೆ. ಪರದೆ ಆನ್ ಇದ್ದಾಗ ಮಾತ್ರ ನೆಟ್ ಕೊಡು, ರೋಮಿಂಗ್‌ನಲ್ಲಿ ಕೊಡಬೇಡ, ಹೀಗೆ. ಶಾಪಿಂಗ್ ಆಪ್‌ಗಳಿಗೆ ಈ ಪರದೆಯ ಷರತ್ತು ಚೆನ್ನಾಗಿ ಹೊಂದುತ್ತದೆ.

5. ಈಗ ಬ್ಯಾಟರಿ ಸೆಟ್ಟಿಂಗ್ಸ್‌ಗೆ ಬನ್ನಿ. ನೆಟ್‌ಗಾರ್ಡ್‌ನ ಆಪ್ ಇನ್ಫೋ → ಬ್ಯಾಟರಿ ಒಳಗೆ 'ಅನ್‌ರಿಸ್ಟ್ರಿಕ್ಟೆಡ್' ಅಥವಾ 'ನೋ ರಿಸ್ಟ್ರಿಕ್ಷನ್ಸ್' ಆರಿಸಿ. 'ಆಟೋಸ್ಟಾರ್ಟ್' ಅನ್ನುವ ಸ್ವಿಚ್ ಇದ್ದರೆ ಅದನ್ನೂ ಆನ್ ಮಾಡಿ. ಈ ಹಂತ ಬಿಟ್ಟರೆ ಫೋನ್ ಹಿನ್ನೆಲೆಯಲ್ಲಿ ಫೈರ್‌ವಾಲನ್ನೇ ಕೊಂದುಬಿಡುತ್ತದೆ. ನಾಲ್ಕು ದಿನ ಕೆಲಸ ಮಾಡಿ ಆಮೇಲೆ ನಿಂತುಹೋಯಿತು ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

6. ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಅಂತ ಹುಡುಕಿ. ನೆಟ್‌ಗಾರ್ಡ್ ಪಕ್ಕದ ಚಕ್ರದ ಗುರುತು ಒತ್ತಿ 'ಆಲ್ವೇಸ್ ಆನ್ ವಿಪಿಎನ್' ಆನ್ ಮಾಡಿ. ಫೋನ್ ಆಫ್ ಆಗಿ ಆನ್ ಆದರೂ ಫೈರ್‌ವಾಲ್ ತಾನೇ ಶುರುವಾಗುತ್ತದೆ. ಅದರ ಕೆಳಗಿರುವ 'ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್' ಮುಟ್ಟಬೇಡಿ. ನೆಟ್‌ಗಾರ್ಡ್ ಜೊತೆ ಅದನ್ನು ಆನ್ ಮಾಡಿದರೆ ಬೇಕಾದ ಆಪ್‌ಗಳ ನೆಟ್ಟೂ ನಿಂತುಹೋಗಬಹುದು.

ಫೋನಿನ ಜೊತೆಗೇ ಬಂದ ಸಿಸ್ಟಂ ಆಪ್‌ಗಳು ಈ ಪಟ್ಟಿಯಲ್ಲಿ ಮೊದಲಿಗೆ ಪೂರ್ತಿ ಇರುವುದಿಲ್ಲ. ಹೊಸಬರಿಗೆ ಅದೇ ಒಳ್ಳೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸರಿಯಾಗಿ ಬ್ಲಾಕ್ ಆಗಿದೆಯಾ ಅಂತ ಪರೀಕ್ಷಿಸುವಾಗ ಒಂದು ವಿಷಯ ನೆನಪಿಡಿ. ಎಷ್ಟೋ ಗೇಮ್‌ಗಳು ಮುಂದಿನ ಜಾಹೀರಾತನ್ನು ಮೊದಲೇ ಇಳಿಸಿಟ್ಟುಕೊಂಡಿರುತ್ತವೆ. ಬ್ಲಾಕ್ ಮಾಡಿದ ಮೇಲೂ ಒಂದೆರಡು ಜಾಹೀರಾತು ಬಂದರೆ ಗಾಬರಿ ಬೇಡ. ಆಪ್ ಇನ್ಫೋದಲ್ಲಿ 'ಫೋರ್ಸ್ ಸ್ಟಾಪ್' ಒತ್ತಿ, ಸ್ಟೋರೇಜ್ ಒಳಗೆ 'ಕ್ಲಿಯರ್ ಕ್ಯಾಶ್' ಮಾಡಿ, ಮತ್ತೆ ತೆರೆಯಿರಿ. ಪಕ್ಕದ 'ಕ್ಲಿಯರ್ ಡೇಟಾ' ಮಾತ್ರ ಒತ್ತಬೇಡಿ, ಆಟದ ಲೆವೆಲ್‌ಗಳೆಲ್ಲ ಅಳಿಸಿಹೋಗುತ್ತವೆ. ವೈಫೈನಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ ಪರೀಕ್ಷೆ ಮಾಡಿ.

ರಿಥಿಂಕ್: ಇನ್ನೂ ಸ್ವಲ್ಪ ಜಾಸ್ತಿ ಬೇಕೆನ್ನುವವರಿಗೆ

'ರಿಥಿಂಕ್ ಡಿಎನ್‌ಎಸ್' ಕೂಡ ಓಪನ್ ಸೋರ್ಸ್. ಭಾರತದ ಡೆವಲಪರ್‌ಗಳೇ ಮಾಡಿದ್ದು ಅನ್ನುವುದು ನನಗೆ ತುಂಬಾ ಖುಷಿಯ ವಿಷಯ. ಯಾವ ಆಪ್ ಯಾವ ವಿಳಾಸಕ್ಕೆ ಸಂಪರ್ಕ ಮಾಡಿತು ಅನ್ನುವ ಪಟ್ಟಿಯನ್ನು ಇದು ತೋರಿಸುತ್ತದೆ. ಒಂದು ಸಂಜೆ ಕೂತು ಆ ಪಟ್ಟಿ ನೋಡಿ. ಸುಮ್ನೆ ಬಿದ್ದಿದೆ ಅಂದುಕೊಂಡ ಆಪ್ ಎಷ್ಟು ಬಾರಿ ಹೊರಗೆ ಮಾತಾಡುತ್ತಿದೆ ಅಂತ ಕಣ್ಣಾರೆ ಕಾಣುತ್ತದೆ.

ಇದರಲ್ಲಿ ಎಲ್ಲ ಆಪ್‌ಗಳಿಗೂ ಅನ್ವಯಿಸುವ ನಿಯಮಗಳಿವೆ. ಫೋನ್ ಲಾಕ್ ಆಗಿದ್ದಾಗ ಎಲ್ಲದರ ನೆಟ್ ನಿಲ್ಲಿಸುವುದು ಒಂದು. ಹೊಸದಾಗಿ ಹಾಕಿದ ಆಪ್ ಮೊದಲಿಗೇ ಬ್ಲಾಕ್ ಆಗಿರಲಿ ಅನ್ನುವುದು ಇನ್ನೊಂದು. ಈ ಎರಡನೆಯದು ನನಗೆ ಬಹಳ ಇಷ್ಟ. ಇನ್‌ಸ್ಟಾಲ್ ಆದ ಕೂಡಲೇ ನೆಟ್ ಸಿಗುವ ಪದ್ಧತಿಯನ್ನು ಅದು ತಿರುಗಿಸಿ ಹಾಕುತ್ತದೆ. ಇನ್ನು ಮೇಲೆ ಆಪ್ ನಿಮ್ಮ ಒಪ್ಪಿಗೆಗೆ ಕಾಯಬೇಕು.

ಐಫೋನ್‌ನಲ್ಲಿ

ಇಲ್ಲಿ ಆಯ್ಕೆ ಕಡಿಮೆ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ತೆರೆಯಿರಿ, ಹೊಸ ಆವೃತ್ತಿಗಳಲ್ಲಿ ಇದು 'ಮೊಬೈಲ್ ಸರ್ವಿಸ್' ಅಂತಲೂ ಇರುತ್ತದೆ. ಕೆಳಗೆ ಹೋದರೆ ಆಪ್‌ಗಳ ಪಟ್ಟಿ, ಪ್ರತಿಯೊಂದರ ಮುಂದೆ ಸ್ವಿಚ್. ಆಫ್ ಮಾಡಿದರೆ ಆ ಆಪ್‌ಗೆ ಮೊಬೈಲ್ ಡೇಟಾ ಸಿಗುವುದಿಲ್ಲ.

ವೈಫೈ ನಿಲ್ಲಿಸಲು ನಮ್ಮಲ್ಲಿ ಮಾರುವ ಐಫೋನ್‌ಗಳಲ್ಲಿ ಇಂಥ ಸ್ವಿಚ್ ಇಲ್ಲ. ಚೀನಾದಲ್ಲಿ ಮಾರುವ ಐಫೋನ್‌ಗಳಲ್ಲಿ ಮಾತ್ರ ಒಂದೊಂದು ಆಪ್‌ಗೂ ವೈಫೈ ಕೂಡ ಆಫ್ ಮಾಡುವ ಆಯ್ಕೆ ಇದೆ. ಅಲ್ಲಿ ಕೊಡಲು ಆಗುವುದಾದರೆ ಎಲ್ಲರಿಗೂ ಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ನೆಟ್‌ಗಾರ್ಡ್‌ನಂಥ ಆಪ್‌ಗಳಿಗೂ ಐಫೋನ್‌ನಲ್ಲಿ ಅವಕಾಶವಿಲ್ಲ. ಅಲ್ಲಿನ 'ಫೈರ್‌ವಾಲ್' ಆಪ್‌ಗಳು ಸಾಮಾನ್ಯವಾಗಿ ವಿಳಾಸಗಳನ್ನು ತಡೆಯುತ್ತವೆ, ಆಪ್‌ಗಳನ್ನಲ್ಲ.

ಆದರೆ ಕೀಬೋರ್ಡ್ ವಿಷಯದಲ್ಲಿ ಐಫೋನ್ ಮುಂದಿದೆ. ಹೊರಗಿನ ಕೀಬೋರ್ಡ್‌ಗೆ ಮೊದಲಿಗೆ ನೆಟ್ ಸಿಗುವುದೇ ಇಲ್ಲ. ಸೆಟ್ಟಿಂಗ್ಸ್ → ಜನರಲ್ → ಕೀಬೋರ್ಡ್ → ಕೀಬೋರ್ಡ್ಸ್‌ಗೆ ಹೋಗಿ ನಿಮ್ಮ ಕನ್ನಡ ಕೀಬೋರ್ಡ್ ಒತ್ತಿ. 'ಅಲೌ ಫುಲ್ ಆ್ಯಕ್ಸೆಸ್' ಆಫ್ ಇದ್ದರೆ ಹಾಗೇ ಬಿಡಿ. ಜೊತೆಗೆ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಒಳಗಿನ 'ಆಪ್ ಪ್ರೈವಸಿ ರಿಪೋರ್ಟ್' ಆನ್ ಮಾಡಿ. ಯಾವ ಆಪ್ ಯಾವ ವಿಳಾಸ ಸಂಪರ್ಕಿಸಿತು ಅಂತ ಏಳು ದಿನದ ಲೆಕ್ಕ ಸಿಗುತ್ತದೆ. ಲೆಕ್ಕ ಸರಿ ಕಾಣದಿದ್ದರೆ ಆ ಆಪ್ ತೆಗೆದುಹಾಕುವುದೇ ಐಫೋನ್‌ನಲ್ಲಿ ಖಚಿತ ದಾರಿ.

ಬ್ಲಾಕ್ ಮಾಡಿದರೂ ನಿಲ್ಲದೇ ಇರುವುದು

ಬ್ಲಾಕ್ ಆದ ಆಪ್‌ನಿಂದ ನೋಟಿಫಿಕೇಶನ್ ಬಂತು ಅಂದರೆ ಫೈರ್‌ವಾಲ್ ಸೋತಿದೆ ಅಂತಲ್ಲ. ಆಂಡ್ರಾಯ್ಡ್‌ನಲ್ಲಿ ಅನೇಕ ಆಪ್‌ಗಳ ಸಂದೇಶ ಗೂಗಲ್ ಪ್ಲೇ ಸರ್ವಿಸಸ್ ಮೂಲಕ ಬರುತ್ತದೆ. ನೆಟ್ ಬಳಸುವುದು ಅದು, ತೋರಿಸುವುದು ಆಪ್. ಬೇಡವಾದರೆ ಆಪ್ ಇನ್ಫೋದಲ್ಲಿ ನೋಟಿಫಿಕೇಶನ್ ಆಫ್ ಮಾಡಿ. ಅದೇ ರೀತಿ ಬ್ಲಾಕ್ ಆದ ಆಪ್ ಅಪ್‌ಡೇಟ್ ಆಗುತ್ತಲೇ ಇರುತ್ತದೆ. ಅದನ್ನು ಇಳಿಸುವುದು ಪ್ಲೇ ಸ್ಟೋರ್. ಆಪ್ ಒಳಗಿನ ಲಿಂಕ್ ಒತ್ತಿದರೆ ಅದು ಬ್ರೌಸರ್‌ನಲ್ಲಿ ತೆರೆಯಬಹುದು. ಬ್ರೌಸರ್‌ಗೆ ನೆಟ್ ಇದೆ ಅಲ್ವಾ?

ಆಫೀಸಿನ ಕೆಲಸಕ್ಕೆಂದು ಫೋನಿನಲ್ಲಿ ವರ್ಕ್ ಪ್ರೊಫೈಲ್ ಇದ್ದರೆ ಅದರೊಳಗಿನ ಆಪ್‌ಗಳಿಗೆ ನಿಮ್ಮ ಫೈರ್‌ವಾಲ್ ಅನ್ವಯಿಸುವುದಿಲ್ಲ. ಒಂದು ಹೊತ್ತಿಗೆ ಒಂದೇ ವಿಪಿಎನ್ ನಡೆಯುತ್ತದೆ ಅನ್ನುವುದೂ ಗೊತ್ತಿರಲಿ. ಬೇರೆ ವಿಪಿಎನ್ ಆನ್ ಮಾಡಿದರೆ ಫೈರ್‌ವಾಲ್ ಆಫ್ ಆಗುತ್ತದೆ, ನೀವು ಬ್ಲಾಕ್ ಮಾಡಿದ್ದೆಲ್ಲ ತೆರೆದುಕೊಳ್ಳುತ್ತದೆ.

ಇವನ್ನು ಮುಟ್ಟಬೇಡಿ

ಗೂಗಲ್ ಪ್ಲೇ ಸರ್ವಿಸಸ್, ಪ್ಲೇ ಸ್ಟೋರ್, ಫೋನ್ ಮತ್ತು ಮೆಸೇಜ್ ಆಪ್, ಸಿಸ್ಟಂ ಅಪ್‌ಡೇಟ್ ಆಪ್. ಇವುಗಳಲ್ಲಿ ಒಂದನ್ನು ನಿಲ್ಲಿಸಿದರೂ ಸಂಬಂಧವೇ ಇಲ್ಲದಂತೆ ಕಾಣುವ ಇನ್ನೆಲ್ಲೋ ಏನೋ ಕೆಡುತ್ತದೆ. ವಾಟ್ಸಾಪ್ ನೋಟಿಫಿಕೇಶನ್ ತಡವಾಗುತ್ತದೆ, ಲೊಕೇಶನ್ ಸರಿಯಾಗಿ ಸಿಗುವುದಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸುವುದಂತೂ ಅಪಾಯ.

ಯುಪಿಐ ಮತ್ತು ಬ್ಯಾಂಕ್ ಆಪ್‌ಗಳಿಗೆ ನೆಟ್ ಬೇಕೇ ಬೇಕು. ಕೆಲವು ಬ್ಯಾಂಕ್ ಆಪ್‌ಗಳು ವಿಪಿಎನ್ ಚಾಲೂ ಇದ್ದರೆ ತೆರೆಯಲು ತಕರಾರು ಮಾಡುತ್ತವೆ. ನೆಟ್‌ಗಾರ್ಡ್ ಸ್ವಿಚ್ ಅನ್ನು ಮೇಲಿಂದ ಎಳೆಯುವ ಕ್ವಿಕ್ ಸೆಟ್ಟಿಂಗ್ಸ್ ಪಟ್ಟಿಗೆ ಸೇರಿಸಿಕೊಳ್ಳಿ. ಹಣ ಕಳಿಸುವಾಗ ಆಫ್ ಮಾಡಿ, ಮುಗಿದ ಮೇಲೆ ಆನ್ ಮಾಡಿ. ಇದು ದಿನಾ ಕಿರಿಕಿರಿ ಅನ್ನಿಸಿದರೆ ಫೋನಿನಲ್ಲೇ ಇರುವ ಬೀಗವನ್ನು ನೆಚ್ಚಿಕೊಳ್ಳುವುದು ಮೇಲು. ಅದಕ್ಕೆ ವಿಪಿಎನ್ ಬೇಕಿಲ್ಲ.

ಬೀಗವೇ ಬೇಡದ ಆಪ್‌ಗಳು

ಇಷ್ಟೆಲ್ಲ ಮಾಡುವ ಬದಲು ನೆಟ್ ಅನುಮತಿಯನ್ನೇ ಕೇಳದ ಆಪ್ ಹಾಕಿಕೊಳ್ಳಬಹುದು. ಪ್ಲೇ ಸ್ಟೋರ್‌ನಲ್ಲಿ ಆಪ್‌ನ ಪುಟ ತೆರೆದು 'ಅಬೌಟ್ ದಿಸ್ ಆಪ್' ಒತ್ತಿ. ಕೆಳತುದಿಯಲ್ಲಿ 'ಆಪ್ ಪರ್ಮಿಷನ್ಸ್' ಇದೆ. ಅಲ್ಲಿ 'ಫುಲ್ ನೆಟ್‌ವರ್ಕ್ ಆ್ಯಕ್ಸೆಸ್' ಸಾಲು ಇಲ್ಲದಿದ್ದರೆ ಆ ಆಪ್ ತಾನಾಗಿ ನೆಟ್‌ಗೆ ಸಂಪರ್ಕ ಮಾಡಲಾರದು. 'ಫಾಸಿಫೈ' ಹೆಸರಿನ ಗ್ಯಾಲರಿ, ಕ್ಯಾಲ್ಕ್ಯುಲೇಟರ್, ಫೈಲ್ ಮ್ಯಾನೇಜರ್ ಆಪ್‌ಗಳು ಇಂಥವು. ಜಾಹೀರಾತಿಲ್ಲ, ಉಚಿತ, ಓಪನ್ ಸೋರ್ಸ್. ಕೀಬೋರ್ಡ್ ಬೇಕೆನ್ನುವವರಿಗೆ 'ಹೆಲಿಬೋರ್ಡ್' ಇದೆ. ಅದು ನೆಟ್ ಅನುಮತಿ ಕೇಳುವುದೇ ಇಲ್ಲ, ಅದರಲ್ಲಿ ಕನ್ನಡವೂ ಸಿಗುತ್ತದೆ.

ಅಪ್ಪ ಅಮ್ಮನ ಫೋನಿಗೆ ನಾನು ಹೇಳುವುದು ಇದನ್ನೇ. ಫೈರ್‌ವಾಲ್ ಹಾಕಿಕೊಟ್ಟರೆ ಏನಾದರೂ ಕೆಟ್ಟಾಗ ಸರಿಮಾಡಲು ನೀವೇ ಬೇಕು. ಜಾಹೀರಾತಿನ ಟಾರ್ಚ್, ಗ್ಯಾಲರಿ, ಕ್ಲೀನರ್ ಆಪ್‌ಗಳನ್ನು ತೆಗೆದುಹಾಕಿ. ಟಾರ್ಚ್ ಫೋನಿನಲ್ಲೇ ಇದೆ, ಮೇಲಿಂದ ಎಳೆದರೆ ಸಿಗುತ್ತದೆ ಅಂತ ತೋರಿಸಿಕೊಡಿ. ಉಳಿದವಕ್ಕೆ ನೆಟ್ ಕೇಳದ ಆಪ್ ಹಾಕಿ, ಹಳೆಯದು ಇದ್ದ ಜಾಗದಲ್ಲೇ ಹೊಸ ಐಕಾನ್ ಇಟ್ಟುಕೊಡಿ. ಪಂಚಾಂಗದ ಆಪ್ ಒಂದಕ್ಕೆ ಮಾತ್ರ ಬೀಗ ಬೇಕಾದರೆ, ಅವರ ಫೋನಿನಲ್ಲೇ ಆ ಸೌಲಭ್ಯ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಆಗ ನೆಟ್‌ಗಾರ್ಡ್ ಹಾಕಿ, ಅದೊಂದನ್ನೇ ಬ್ಲಾಕ್ ಮಾಡಿ, ಮೇಲೆ ಕಾಣುವ ಕೀಲಿಕೈ ಗುರುತು ಏನು ಅಂತ ಅವರಿಗೆ ತಿಳಿಸಿಹೇಳಿ.